ವ್ಯವಹಾರ, ಲಿಖಿತ, ನ್ಯಾಯ: ನಮ್ಮ ಸೀಮೆಯ ಒಂದು ಚರಿತ್ರೆ

ಭೀಮಸಮುದ್ರವು ಅಡಿಕೆಯ ವ್ಯಾಪಾರಕ್ಕೆ ಹೆಸರಾದ ಊರು. ಆ ಊರಿನಲ್ಲಾಗಲಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ತೋಟದ ಸೀಮೆಯಲ್ಲಾಗಲಿ ವಾಸಿಸುವ ಭಕ್ತರಿಗೆ ಒಂದು ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ತೋಟವಿದ್ದಲ್ಲಿ ಬದುವಿದೆ, ಬದುವಿದ್ದಲ್ಲಿ ಒತ್ತುವರಿಯಿದೆ, ಒತ್ತುವರಿಯಿದ್ದಲ್ಲಿ ವ್ಯಾಜ್ಯವಿದೆ. ಬಾವಿಯ ನೀರಿನ ಸರದಿ, ಗಾಡಿಯ ದಾರಿ, ಅಣ್ಣತಮ್ಮಂದಿರ ಪಾಲು, ಕೊಟ್ಟ ಸಾಲದ ವಸೂಲಿ, ಇವುಗಳಲ್ಲಿ ಯಾವುದಾದರೊಂದು ಕಾರಣದಿಂದ ನ್ಯಾಯಾಲಯದ ಮೆಟ್ಟಿಲು ಹತ್ತದ ಮನೆತನಗಳು ವಿರಳ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆ ಗಾದೆಯನ್ನು ಹೇಳಿ ಕೈಕಟ್ಟಿ ಕುಳಿತವನ ಹಕ್ಕನ್ನು ಯಾರೂ ಕಾಯ್ದುಕೊಡುವುದಿಲ್ಲ. ಆದುದರಿಂದ ನ್ಯಾಯದಾನವು ನಮ್ಮ ನಾಡಿನಲ್ಲಿ ನಡೆದು ಬಂದ ಬಗೆಯನ್ನೂ, ಇಂದು ಸಾಮಾನ್ಯ ಒಕ್ಕಲಿಗನು ಅದನ್ನು ಸಮೀಪಿಸಬೇಕಾದ ರೀತಿಯನ್ನೂ ಇಲ್ಲಿ ನಿರೂಪಿಸಲಾಗುವುದು.

ಸಿವಿಲ್ ವ್ಯಾಜ್ಯವೆಂಬುದು ಆಂಗ್ಲರು ತಂದ ವಸ್ತುವೆಂದು ಹಲವರು ಭಾವಿಸುವುದುಂಟು. ಅದು ಸರಿಯಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಮುಂದೆ ಶರಣರ ಕರ್ಮಭೂಮಿಯಾದ ಅದೇ ಕಲ್ಯಾಣದಲ್ಲಿ ರಚಿತವಾದ ಈ ಗ್ರಂಥವು ಭಾರತದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಆಧಾರವಾಗಿ ನಿಂತಿತೆಂಬುದು ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿ. ಆ ಶಾಸ್ತ್ರದ ಪ್ರಕಾರ ವ್ಯವಹಾರಕ್ಕೆ, ಎಂದರೆ ವ್ಯಾಜ್ಯಕ್ಕೆ, ನಾಲ್ಕು ಪಾದಗಳು. ವಾದಿಯ ಹೇಳಿಕೆ ಮೊದಲನೆಯದು, ಪ್ರತಿವಾದಿಯ ಉತ್ತರ ಎರಡನೆಯದು, ಪ್ರಮಾಣಗಳ ನಿರೂಪಣೆ ಮೂರನೆಯದು, ನಿರ್ಣಯ ನಾಲ್ಕನೆಯದು. ವಾದಿಯ ಹೇಳಿಕೆಯನ್ನು ಪ್ರತಿವಾದಿಯ ಎದುರಿನಲ್ಲಿ, ವರ್ಷ, ಮಾಸ, ದಿನ, ಹೆಸರುಗಳ ಸಹಿತ ಬರೆದುಕೊಳ್ಳಬೇಕೆಂದು ವಿಧಿಸಲಾಗಿದೆ. ಪ್ರಮಾಣಗಳು ಮೂರು: ಲಿಖಿತ, ಭುಕ್ತಿ ಮತ್ತು ಸಾಕ್ಷಿ. ಗೆದ್ದವನಿಗೆ ಜಯಪತ್ರವನ್ನು ಬರೆದುಕೊಡುವ ಪದ್ಧತಿಯೂ ಇದ್ದಿತು. ಇಂದಿನ ವಾದಪತ್ರ, ಪ್ರತಿವಾದಿಯ ಲಿಖಿತ ಹೇಳಿಕೆ, ಸಾಕ್ಷ್ಯ, ತೀರ್ಪು, ತೀರ್ಪಿನ ದೃಢೀಕೃತ ನಕಲು, ಇವುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೆಸರು ಬದಲಾಗಿದೆಯೇ ಹೊರತು ಹಂದರ ಬಹಳವಾಗಿ ಬದಲಾಗಿಲ್ಲವೆಂಬುದು ತಿಳಿಯುತ್ತದೆ.

ಅದೇ ಶಾಸ್ತ್ರವು ನ್ಯಾಯದ ಸ್ಥಾನಗಳಿಗೂ ಒಂದು ಕ್ರಮವನ್ನು ಹೇಳುತ್ತದೆ. ಕುಲ, ಶ್ರೇಣಿ, ಊರಿನ ಸಮೂಹ, ಕೊನೆಗೆ ಅರಸನು ನೇಮಿಸಿದ ಅಧಿಕಾರಿ. ಮನೆಯಲ್ಲಿ ಬಗೆಹರಿಯದ್ದು ವೃತ್ತಿಯವರ ಕೂಟಕ್ಕೆ, ಅಲ್ಲಿ ಬಗೆಹರಿಯದ್ದು ಊರಿಗೆ, ಊರಿನಲ್ಲಿ ಬಗೆಹರಿಯದ್ದು ಅರಸನಿಗೆ. ಚಿತ್ರದುರ್ಗದ ನಾಯಕರ ಆಳ್ವಿಕೆ 1779ರಲ್ಲಿ ಹೈದರಾಲಿಯ ಕೈಯಲ್ಲಿ ಕೊನೆಗೊಂಡಿತು. 1799ರಲ್ಲಿ ಟಿಪ್ಪೂ ಸುಲ್ತಾನನ ಪತನಾನಂತರ ಈ ಸೀಮೆ ಮೈಸೂರು ಒಡೆಯರ ರಾಜ್ಯಕ್ಕೆ ಸೇರಿತು. ಅರಸರು ಬದಲಾದರೂ ಊರ ಹಿರಿಯರ ಪಂಚಾಯಿತಿ ಮಾತ್ರ ಅಳಿಯಲಿಲ್ಲ.

1831ರಲ್ಲಿ ಮೈಸೂರಿನ ಆಡಳಿತವನ್ನು ಆಂಗ್ಲರು ವಹಿಸಿಕೊಂಡರು. 1834ರಿಂದ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ತಾಲ್ಲೂಕಿನ ಅಮಲ್ದಾರರೇ ಮೊದಲ ನ್ಯಾಯಾಧಿಕಾರಿಗಳು. ಇಪ್ಪತ್ತು ರೂಪಾಯಿಗಳವರೆಗಿನ ತಗಾದೆಯನ್ನು ಅವರು ದಾಖಲೆ ಬರೆಯದೆಯೇ ತೀರ್ಮಾನಿಸಬಹುದಾಗಿತ್ತು. ನೂರು ರೂಪಾಯಿಗಳವರೆಗಿನದಾದರೆ ನಡವಳಿಯನ್ನು ಬರೆದಿಡಬೇಕಾಗಿತ್ತು. ಐನೂರು ರೂಪಾಯಿಗಳವರೆಗಿನದನ್ನು ಪಂಚಾಯಿತರ ನೆರವಿನೊಡನೆ ವಿಚಾರಿಸಬೇಕಾಗಿತ್ತು. ಹಣದ ಮೊತ್ತ ಏರಿದಂತೆ ಮೊದಲು ಬರಹ, ಅನಂತರ ಬರಹದೊಡನೆ ಹಿರಿಯರ ಸಮ್ಮುಖ, ಹೀಗೆ ಏರ್ಪಾಟು ಬಿಗಿಯಾಗುತ್ತಿದ್ದುದನ್ನು ವಾಚಕರು ಗಮನಿಸಬೇಕು. ಇವರ ಮೇಲೆ ಸದರ್ ಮುನ್ಸೀಫರು, ಸೂಪರಿಂಟೆಂಡೆಂಟರು, ಬೆಂಗಳೂರಿನ ಹುಜೂರ್ ಅದಾಲತ್ತು ಇದ್ದವು. 1856ರಲ್ಲಿ ಜುಡಿಷಿಯಲ್ ಕಮಿಷನರರ ನೇಮಕವಾಯಿತು. 1870ರ ದಶಕದಲ್ಲಿ ಮುನ್ಸೀಫ್ ನ್ಯಾಯಾಲಯಗಳು ಏರ್ಪಟ್ಟು, ಕಂದಾಯ ಎತ್ತುವ ಅಮಲ್ದಾರರ ಕೈಯಿಂದ ಸಿವಿಲ್ ನ್ಯಾಯದಾನವು ಬೇರ್ಪಟ್ಟಿತು. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿ ಬಂದ ಮೇಲೆ 1884ರಲ್ಲಿ ಮೈಸೂರು ಚೀಫ್ ಕೋರ್ಟು ಸ್ಥಾಪಿತವಾಯಿತು. 1930ರಲ್ಲಿ ಅದೇ ಹೈಕೋರ್ಟು ಎನಿಸಿತು.

ಈಗಿನ ಏರ್ಪಾಟಿಗೆ 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಅಧಿನಿಯಮವು ಆಧಾರ. ಹಿಂದಿನ ಮುನ್ಸೀಫರ ಸ್ಥಾನದಲ್ಲಿ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರು, ಅವರ ಮೇಲೆ ಹಿರಿಯ ಶ್ರೇಣಿಯವರು, ಅವರ ಮೇಲೆ ಚಿತ್ರದುರ್ಗದ ಜಿಲ್ಲಾ ನ್ಯಾಯಾಧೀಶರು. ದಾವೆಯ ನಡಾವಳಿ ಸಾಗುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ. ಭೂಮಿಯ ದಾವೆಯನ್ನು ಆ ಭೂಮಿ ಇರುವ ಸೀಮೆಯ ನ್ಯಾಯಾಲಯದಲ್ಲಿಯೇ, ಅದೂ ಅದನ್ನು ವಿಚಾರಿಸಲು ಅಧಿಕಾರವುಳ್ಳ ಅತ್ಯಂತ ಕೆಳಗಿನ ನ್ಯಾಯಾಲಯದಲ್ಲಿಯೇ ಹೂಡಬೇಕು. ವಾದಪತ್ರದಲ್ಲಿ ಪಕ್ಷಕಾರರ ಹೆಸರು ವಿಳಾಸ, ದಾವೆಗೆ ಕಾರಣ ಹುಟ್ಟಿದ ದಿನ, ಸ್ವತ್ತಿನ ಚಕ್ಕುಬಂದಿ, ಬೇಡುವ ಪರಿಹಾರ, ದಾವೆಯ ಮೌಲ್ಯ ಇವು ಸ್ಪಷ್ಟವಾಗಿರಬೇಕು. 1958ರ ಅಧಿನಿಯಮದಂತೆ ನ್ಯಾಯಾಲಯ ಶುಲ್ಕವನ್ನು ತೆರಬೇಕು. ಶುಲ್ಕ ತೆರಲು ಶಕ್ತಿಯಿಲ್ಲದವನು ಅದನ್ನು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟು ನಿರ್ಗತಿಕನೆಂದು ದಾವೆ ಹೂಡಲು ಅನುಮತಿ ಪಡೆಯಬಹುದು. ಸಮನ್ಸು ಮುಟ್ಟಿದ ಪ್ರತಿವಾದಿ ಮೂವತ್ತು ದಿನಗಳೊಳಗೆ ತನ್ನ ಹೇಳಿಕೆಯನ್ನು ಸಲ್ಲಿಸಬೇಕು. ಸಮನ್ಸನ್ನು ತೆಗೆದುಕೊಳ್ಳದೆ ತಪ್ಪಿಸಿಕೊಂಡರೆ ದಾವೆ ನಿಲ್ಲುತ್ತದೆಂದು ಹಳ್ಳಿಗಳಲ್ಲಿ ತಿಳಿದವರುಂಟು. ದಾವೆ ನಿಲ್ಲುವುದಿಲ್ಲ, ಅವನಿಲ್ಲದೆ ಮುಂದೆ ಸಾಗುತ್ತದೆ.

ಭುಕ್ತಿಯನ್ನು ಪ್ರಮಾಣವೆಂದ ಹಿರಿಯರು ಕಾಲದ ಬಲವನ್ನು ಬಲ್ಲವರಾಗಿದ್ದರು. 1963ರ ಕಾಲಮಿತಿ ಅಧಿನಿಯಮವೂ ಅದನ್ನೇ ಹೇಳುತ್ತದೆ. ಕೈಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ, ಅನ್ಯರ ವಶವಾದ ಭೂಮಿಯನ್ನು ಮರಳಿ ಪಡೆಯುವ ದಾವೆಗೆ ಹನ್ನೆರಡು ವರ್ಷ. ಗೆದ್ದ ಮೇಲೂ ಕಾಲವು ಸುಮ್ಮನಿರುವುದಿಲ್ಲ. ಡಿಕ್ರಿಯನ್ನು ಜಾರಿ ಮಾಡಿಸಿಕೊಳ್ಳಲು ಹನ್ನೆರಡು ವರ್ಷಗಳ ಗಡುವುಂಟು, ಶಾಶ್ವತ ತಡೆಯಾಜ್ಞೆಯ ಡಿಕ್ರಿಗೆ ಮಾತ್ರ ಈ ಗಡುವಿಲ್ಲ. ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಡಿಕ್ರಿಯು ಜಾರಿಯಾಗದೆ ವ್ಯರ್ಥವಾಗುವುದು ಹೀಗೆ.

ಇನ್ನು ಕಾಗದಪತ್ರಗಳ ವಿಚಾರ. ನ್ಯಾಯಾಲಯದ ದಾಖಲೆಗಳು ಅಲ್ಲಿಯ ನೌಕರರ ಖಾಸಗಿ ಸ್ವತ್ತಲ್ಲ. ಪಕ್ಷಕಾರನು ಅಸಲು ದಾವೆಯ ಸಂಖ್ಯೆಯನ್ನೂ ವರ್ಷವನ್ನೂ ತಿಳಿಸಿ, ನಿಗದಿಯಾದ ಶುಲ್ಕ ತೆತ್ತು, ನಕಲು ಶಾಖೆಯಲ್ಲಿ ಅರ್ಜಿ ಸಲ್ಲಿಸಿದರೆ ತೀರ್ಪು, ಡಿಕ್ರಿ, ಸಾಕ್ಷಿಗಳ ಹೇಳಿಕೆ ಮುಂತಾದವುಗಳ ದೃಢೀಕೃತ ನಕಲನ್ನು ಪಡೆಯಲು ಹಕ್ಕುಳ್ಳವನು. ಪಕ್ಷಕಾರನಲ್ಲದವನು ತನಗಿರುವ ಸಂಬಂಧವನ್ನೂ ಕಾರಣವನ್ನೂ ತೋರಿಸಬೇಕಾಗಬಹುದು. ಮೇಲ್ಮನವಿಯನ್ನು ಜಿಲ್ಲಾ ನ್ಯಾಯಾಲಯಕ್ಕಾದರೆ ಮೂವತ್ತು ದಿನಗಳೊಳಗೆ, ಹೈಕೋರ್ಟಿಗಾದರೆ ತೊಂಬತ್ತು ದಿನಗಳೊಳಗೆ ಸಲ್ಲಿಸಬೇಕು. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಈ ಲೆಕ್ಕದಲ್ಲಿ ಬಿಡಲಾಗುತ್ತದೆ. ಆದುದರಿಂದ ತೀರ್ಪಾದೊಡನೆ ನಕಲಿಗೆ ಅರ್ಜಿ ಹಾಕುವುದೇ ಜಾಣತನ. ದಾವೆಯಲ್ಲಿ ಹಾಜರುಪಡಿಸಿದ ಮೂಲಪತ್ರಗಳನ್ನು ಮೇಲ್ಮನವಿಯ ಅವಧಿ ಕಳೆದ ಮೇಲೆ ಮರಳಿ ಪಡೆಯಬಹುದು. ಇದನ್ನು ಬಹು ಮಂದಿ ಮರೆತುಬಿಡುತ್ತಾರೆ. ನ್ಯಾಯಾಲಯವು ಕೆಲವು ವರ್ಗದ ಕಾಗದಗಳನ್ನು ನಿಯಮಾನುಸಾರ ನಿಗದಿತ ವರ್ಷಗಳ ನಂತರ ನಾಶಪಡಿಸುವುದರಿಂದ, ಅಜ್ಜನ ಕಾಲದ ಪತ್ರವನ್ನು ಮೊಮ್ಮಗನು ಹುಡುಕಿಕೊಂಡು ಹೋದಾಗ ಅದು ಇಲ್ಲದಿರಬಹುದು. ಈಗ ಇ-ಕೋರ್ಟ್ಸ್ ಯೋಜನೆಯಿಂದ ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ ಅಂಕಿಗಳ ಒಂದು ಗುರುತುಸಂಖ್ಯೆ ದೊರೆಯುತ್ತದೆ. ಅದರಿಂದ ಮುಂದಿನ ಮುದ್ದತ್ತು ಯಾವ ದಿನವೆಂಬುದನ್ನು ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ನೋಡಬಹುದು.

ಇಷ್ಟೆಲ್ಲ ಹೇಳಿದುದರ ತಿರುಳು ಒಂದು ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅದು ಹೆಣ್ಣುಮಕ್ಕಳ ಪಾಲು. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ, ಕುಟುಂಬದ ವಿಭಾಗದಲ್ಲಿ ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಅಂಶವನ್ನು ಗೊತ್ತುಪಡಿಸಿತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಬಂದಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮಗಳನ್ನು ಮಗನಿಗೆ ಸಮಾನವಾಗಿ ಹುಟ್ಟಿನಿಂದಲೇ ಹಕ್ಕುದಾರಳನ್ನಾಗಿ ಮಾಡಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ವಿಭಾಗಗಳನ್ನು ಮಾತ್ರ ಕಾನೂನು ಕೆದಕುವುದಿಲ್ಲ. ಆದರೆ ವಿಭಾಗವಾಗಿತ್ತೆಂಬುದಕ್ಕೆ ಆಧಾರವೇನು? ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿ. ಬಾಯಿಮಾತಿನ ಪಾಲುಪಾರೀಕತ್ತನ್ನು ಅತಿ ವಿರಳವಾಗಿ, ಪ್ರಬಲವಾದ ಸಾರ್ವಜನಿಕ ದಾಖಲೆಯ ಬೆಂಬಲವಿದ್ದರೆ ಮಾತ್ರ ಒಪ್ಪಬಹುದೆಂದು ಅದೇ ತೀರ್ಪು ಹೇಳಿತು. ಯಾಜ್ಞವಲ್ಕ್ಯನು ಹೇಳಿದ ಲಿಖಿತವೇ ಇಲ್ಲಿಯೂ ಮನೆತನದ ಭವಿಷ್ಯವನ್ನು ನಿರ್ಣಯಿಸುತ್ತದೆ.

ವ್ಯಾಜ್ಯವನ್ನು ನ್ಯಾಯಾಲಯದ ಹೊರಗೆ ತೀರಿಸಿಕೊಳ್ಳುವುದು ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಭೀಮಸಮುದ್ರಕ್ಕೆ ಸಮೀಪದ ಸಿರಿಗೆರೆಯಲ್ಲಿ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠವು ನಡೆಯುವುದು ನಾಡಿಗೇ ತಿಳಿದ ವಿಷಯ. ಕುಲ, ಶ್ರೇಣಿ, ಊರುಗಳೆಂಬ ಹಳೆಯ ಸೋಪಾನವು ಅಳಿದುಹೋಗಿಲ್ಲವೆಂಬುದಕ್ಕೆ ಅದು ನಿದರ್ಶನ. ಸರ್ಕಾರವೂ 1987ರ ಕಾನೂನು ಸೇವೆಗಳ ಅಧಿನಿಯಮದ ಮೂಲಕ ಲೋಕ ಅದಾಲತ್ತನ್ನು ಏರ್ಪಡಿಸಿದೆ. ಅಲ್ಲಿ ರಾಜಿಯಾದರೆ ತೆತ್ತ ನ್ಯಾಯಾಲಯ ಶುಲ್ಕ ಮರಳಿ ಬರುತ್ತದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಸ್ತ್ರೀಯರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ ಆದಾಯವನ್ನು ಕೇಳದೆ ಉಚಿತವಾಗಿ ವಕೀಲರನ್ನು ಒದಗಿಸಬೇಕೆಂದೂ ಆ ಅಧಿನಿಯಮವು ವಿಧಿಸುತ್ತದೆ. ಜಿಲ್ಲಾ ಪ್ರಾಧಿಕಾರವಾಗಲಿ ತಾಲ್ಲೂಕು ಸಮಿತಿಯಾಗಲಿ ಇದಕ್ಕಾಗಿಯೇ ಇವೆ.

ಆದರೆ ಮಠದ ಕಟ್ಟೆಯ ಮೇಲೆ ಆಗುವ ರಾಜಿಗೆ ಎರಡು ಕಟ್ಟುಪಾಡುಗಳು ಅವಶ್ಯಕ. ಮೊದಲನೆಯದಾಗಿ, ಅದು ಬಿಳಿಯ ಕಾಗದದ ಮೇಲಿನ ಸಹಿಯಾಗಿಯೇ ಉಳಿಯಬಾರದು. ಸ್ಥಿರಸ್ವತ್ತಿನ ವಿಭಾಗವಾದರೆ ನೋಂದಣಿಯಾಗಬೇಕು. ದಾವೆಯು ಬಾಕಿಯಿದ್ದರೆ ರಾಜಿ ಅರ್ಜಿಯನ್ನು ಸಲ್ಲಿಸಿ ಡಿಕ್ರಿಯನ್ನು ಪಡೆಯಬೇಕು. ಹಾಗಿಲ್ಲವಾದರೆ ಗುರುವಿನ ಸನ್ನಿಧಿಯಲ್ಲಿ ಮುಗಿದ ಜಗಳವು ಮಕ್ಕಳ ಕಾಲದಲ್ಲಿ ಮತ್ತೆ ತಲೆಯೆತ್ತುತ್ತದೆ. ಎರಡನೆಯದಾಗಿ, ರಾಜಿಯ ಹೆಸರಿನಲ್ಲಿ ದುರ್ಬಲರ ಹಕ್ಕು ಸವೆಯಬಾರದು. ತವರಿನ ಅರಿಶಿನ ಕುಂಕುಮ ಸಾಕೆಂದು ಹೇಳಿಸಿ, ಓದಿ ಹೇಳದ ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ರಾಜಿಯಲ್ಲ. ಸ್ತ್ರೀಪುರುಷರೆಂಬ ಭೇದವನ್ನು ಎಣಿಸದೆ ಲಿಂಗವನ್ನು ಕರುಣಿಸಿದ ಧರ್ಮದಲ್ಲಿ ಹುಟ್ಟಿದವರು ಪಹಣಿಯ ಅಂಕಣದಲ್ಲಿ ಮಾತ್ರ ಆ ಭೇದವನ್ನು ಪಾಲಿಸುವುದು ಶೋಭಿಸದು. ಅವಳು ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ತಿಳಿಸದೆ ಕಸಿದರೆ ಅದು ನಮ್ಮ ಅಧರ್ಮ.

ಭಕ್ತರು ಮಾಡಬೇಕಾದ ಕಾರ್ಯವು ಕಠಿಣವಾದುದೇನಲ್ಲ. ಮನೆಯಲ್ಲಿರುವ ಕ್ರಯಪತ್ರ, ಪಾಲುಪತ್ರ, ತೀರ್ಪು, ಡಿಕ್ರಿಗಳನ್ನು ಒಮ್ಮೆ ಬಿಡಿಸಿ ನೋಡಿ, ಅವುಗಳ ಸಂಖ್ಯೆ ಮತ್ತು ವರ್ಷಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಇಲ್ಲದ ಪತ್ರಕ್ಕೆ ನಕಲಿನ ಅರ್ಜಿ ಹಾಕಬೇಕು. ಆ ಪುಸ್ತಕವನ್ನು ಗಂಡುಮಕ್ಕಳಿಗೆ ತೋರಿಸುವಂತೆಯೇ ಹೆಣ್ಣುಮಕ್ಕಳಿಗೂ ತೋರಿಸಬೇಕು. ಎಲ್ಲರೂ ಓದಬಲ್ಲ ಬರಹವು ಮನೆಯಲ್ಲಿದ್ದರೆ ಅರ್ಧದಷ್ಟು ವ್ಯಾಜ್ಯಗಳು ಹುಟ್ಟುವುದಿಲ್ಲ, ಹುಟ್ಟಿದವು ಬೇಗ ಮುಗಿಯುತ್ತವೆ.