ಒಪೆರಾ ಹೌಸಿಗೆ ಹಾಡು ಬಂದ ದಾರಿ

ಮುಂಬಯಿಯ ಚರ್ನಿ ರೋಡ್ ಬಳಿ ಒಂದಿಡೀ ಬಡಾವಣೆಗೇ ಒಪೆರಾ ಹೌಸ್ ಎಂಬ ಹೆಸರು. ಆ ಹೆಸರಿಗೆ ಕಾರಣವಾದ ರಂಗಮಂದಿರ ಮಾತ್ರ ಎರಡು ದಶಕಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ದುರಸ್ತಿಯಾಗಿ 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು. ನಾನು ಹೋದದ್ದು ಒಂದು ಹಿಂದೂಸ್ತಾನಿ ಗಾಯನಕ್ಕೆ. ಬೇಕೆಂದೇ ಮೇಲಿನ ಬಾಲ್ಕನಿಯ ಟಿಕೆಟ್ ತೆಗೆದುಕೊಂಡಿದ್ದೆ. ಸಸೂನ್ ಮನೆತನದವರು ಕೊಟ್ಟ ತೂಗುದೀಪಗಳು, ಬಂಗಾರದ ಬಣ್ಣ ಬಳಿದ ಗಾರೆಯ ಹೂಬಳ್ಳಿ, ಲಾಳದ ಹಾಗೆ ಬಾಗಿದ ಅಂತಸ್ತುಗಳು. ತಂಬೂರಿ ಶ್ರುತಿ ಮಾಡುತ್ತಿದ್ದದ್ದೂ ಅಷ್ಟು ಎತ್ತರಕ್ಕೆ ಸ್ಪಷ್ಟವಾಗಿ ಬಂತು.

ಇದನ್ನು ಕಟ್ಟಲು ಹೊರಟವರು ಕಲ್ಕತ್ತೆಯಲ್ಲಿ ನಾಟಕ ಕಂಪನಿ ನಡೆಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲು ವ್ಯಾಪಾರದ ಜಹಾಂಗೀರ್ ಫ್ರಾಮ್‌ಜಿ ಕರಾಕಾ. ಕೆಲಸ ಇನ್ನೂ ಮುಗಿಯದಿರುವಾಗಲೇ, 1911ರಲ್ಲಿ, ಐದನೇ ಜಾರ್ಜ್ ದೊರೆ ಉದ್ಘಾಟಿಸಿದ. ಉದ್ದೇಶವಿದ್ದದ್ದು ಯುರೋಪಿನ ಒಪೆರಾ. ಆದರೆ ಈ ವೇದಿಕೆಯ ನಿಜವಾದ ವೈಭವ ಮರಾಠಿ ಸಂಗೀತ ನಾಟಕದ್ದು ಎಂದೇ ನನ್ನ ಎಣಿಕೆ. ಮರಾಠಿ ರಂಗಭೂಮಿಯ ಗಾಯಕ-ನಟ ಬಾಲಗಂಧರ್ವರು ಇಲ್ಲಿ ಹಾಡಿದರು. ಮೈಕಿಲ್ಲದ ಆ ಕಾಲದಲ್ಲಿ ಪದವೊಂದು ಮುಗಿದರೆ ಜನ ‘ವನ್ಸ್ ಮೋರ್’ ಕೂಗುತ್ತಿದ್ದರು, ನಟ ಪಾತ್ರ ಬಿಟ್ಟು ಮತ್ತೆ ಹಾಡುತ್ತಿದ್ದ, ನಾಟಕ ಬೆಳಗಿನ ಜಾವದವರೆಗೂ ಎಳೆಯುತ್ತಿತ್ತು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಬಂದದ್ದು ಹಾಡಿಗೆ.

ಈ ಮರಾಠಿ ನಾಟಕದ ಬೇರು ನಮ್ಮ ಕನ್ನಡದ ಕಡೆಗಿದೆ. ಹೊನ್ನಾವರದ ಕರ್ಕಿಯ ಭಾಗವತರ ಯಕ್ಷಗಾನ ಮೇಳ 1842ರಲ್ಲಿ ಸಾಂಗ್ಲಿಯ ದರಬಾರಿನಲ್ಲಿ ಆಟ ಆಡಿತು. ಅಂಥದ್ದೇ ಮರಾಠಿಯಲ್ಲೂ ಆಗಬೇಕೆಂದು ಅಲ್ಲಿನ ಅರಸರು ಬಯಸಿದರು. ಮರುವರ್ಷ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯವನಾದ ನನಗೆ ಇದು ಗಡಿ ಜಗಳಕ್ಕೆ ಹಿಡಿಯುವ ಸಾಕ್ಷಿಯಲ್ಲ. ಎರಡೂ ಭಾಷೆಯವರು ಒಬ್ಬರ ಆಟ ಒಬ್ಬರು ನೋಡಿ ಬೆಳೆದರಲ್ಲ, ಅದೇ ಖುಷಿ.

ಮುಂದೆ ಒಪೆರಾ ಹೌಸಿಗೆ ಸಿನಿಮಾ ಬಂತು, ಪರದೆ ಬಂತು. 1952ರಲ್ಲಿ ಅದನ್ನು ಗೊಂಡಲ್ ಸಂಸ್ಥಾನದ ಮಹಾರಾಜರು ಕೊಂಡರು. ಟಿವಿ, ವಿಡಿಯೋ ಬಂದ ಮೇಲೆ ಟಿಕೆಟ್ ಕೇಳುವವರಿಲ್ಲದೆ ತೊಂಬತ್ತರ ದಶಕದಲ್ಲಿ ಬಾಗಿಲು ಮುಚ್ಚಿತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅದನ್ನು ತಾಳ್ಮೆಯಿಂದ ಮತ್ತೆ ಎಬ್ಬಿಸಿ ನಿಲ್ಲಿಸಿದರು. 2017ರಲ್ಲಿ ಯುನೆಸ್ಕೋದ ಪಾರಂಪರಿಕ ಸಂರಕ್ಷಣಾ ಪ್ರಶಸ್ತಿಯೂ ಬಂತು.

ಮುಂಬಯಿಯ ಕನ್ನಡ ಸಂಘಗಳು ಯಕ್ಷಗಾನ ಆಡಿಸುತ್ತಲೇ ಇರುತ್ತವೆ. ಒಮ್ಮೆ ಇಲ್ಲಿ, ಮೈಕ್ ಬಿಟ್ಟು, ಕರ್ಕಿಯ ಮೇಳದ ಶೈಲಿಯಾದ ಬಡಗುತಿಟ್ಟಿನ ಭಾಗವತರೊಬ್ಬರಿಂದ ಪದ ಹೇಳಿಸಲಿ.