ಆಟಗಾರ ಹೊರಟರೆ ದ್ರೋಹ, ಮಾಲೀಕ ಮಾರಿದರೆ ವ್ಯವಹಾರ!

ಲೈವ್ ಅಂದ್ರೆ ಏನು ಅಂತ ನಮ್ಮ ಕಸುಬಿನವರನ್ನ ಕೇಳಬೇಕು ವೀಕ್ಷಕರೇ. ಸಮಯ ಆಗಿಬಿಟ್ಟಿರುತ್ತೆ, ಕ್ಯಾಮೆರಾ ಆನ್ ಆಗಿರುತ್ತೆ, ಎದುರಿನ ಕುರ್ಚಿ ಮಾತ್ರ ಖಾಲಿ. ಬರಬೇಕಾದ ಅತಿಥಿ ಇನ್ನೂ ಟ್ರಾಫಿಕ್‌ನಲ್ಲಿ. ಕಿವಿಯಲ್ಲಿ ಪ್ರೊಡ್ಯೂಸರ್ ಕಿರುಚುತ್ತಿರುತ್ತಾನೆ. ಆ ಎರಡು ನಿಮಿಷದ ಸಂಕಟ ಶತ್ರುವಿಗೂ ಬೇಡ. ಅಂಥದ್ದೇ ಸಂಕಟ 1964ರ ಜನವರಿ 14ರ ರಾತ್ರಿ, ಅಮೆರಿಕದ ಬಾಸ್ಟನ್ ನಗರದಲ್ಲಿ, ಎಬಿಸಿ ಚಾನೆಲ್‌ನವರಿಗೆ ಬಂದಿತ್ತು.

ಹೊರಗೆ ಹಿಮ ಸುರೀತಾ ಇದೆ. ಒಳಗೆ ಬಾಸ್ಟನ್ ಗಾರ್ಡನ್ ಕ್ರೀಡಾಂಗಣದಲ್ಲಿ ಎನ್‌ಬಿಎ ಆಲ್‌ಸ್ಟಾರ್ ಪಂದ್ಯ. ಬಿಲ್ ರಸೆಲ್, ವಿಲ್ಟ್ ಚೇಂಬರ್ಲೇನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್, ಆಸ್ಕರ್ ರಾಬರ್ಟ್ಸನ್... ಬ್ಯಾಸ್ಕೆಟ್‌ಬಾಲ್‌ನ ಘಟಾನುಘಟಿಗಳೆಲ್ಲ ಒಂದೇ ಸೂರಿನಡಿ. ಈ ಪಂದ್ಯ ಪ್ರೈಮ್ ಟೈಮ್‌ನಲ್ಲಿ ಇಡೀ ದೇಶಕ್ಕೆ ಲೈವ್ ಆಗಿ ಹೋಗುತ್ತಿದ್ದದ್ದು ಅದೇ ಮೊದಲು. ಎಲ್ಲಾ ಸಿದ್ಧ. ಆದ್ರೆ ಆಟಗಾರರು ಲಾಕರ್ ರೂಮಿನಿಂದ ಹೊರಗೆ ಬರ್ತಾ ಇಲ್ಲ! ಬರಲ್ಲ ಅಂತ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದಾರೆ.

ಅವರು ಕೇಳಿದ್ದೇನು? ಕೋಟಿ ಕೋಟಿ ಸಂಬಳವಲ್ಲ. ಪಿಂಚಣಿ! ಮಂಡಿ ಸವೆದು ಮನೆಗೆ ಹೋದ ಮೇಲೆ ತಿಂಗಳಿಗೆ ಒಂದಿಷ್ಟು ದುಡ್ಡು. ಜೊತೆಗೆ, ನಮ್ಮ ಸಂಘವನ್ನು ಸಂಘ ಅಂತ ಒಪ್ಪಿಕೊಂಡು ಮಾತಾಡಿ ಅನ್ನೋದು. ಮಾಲೀಕರು ವರ್ಷಗಳಿಂದ ಇವತ್ತು ನಾಳೆ ಅಂತ ತಳ್ಳಿಕೊಂಡೇ ಬಂದಿದ್ದರು. ಲೇಕರ್ಸ್ ತಂಡದ ಮಾಲೀಕ ಬಾಬ್ ಶಾರ್ಟ್ ಬಾಗಿಲಾಚೆಯಿಂದ ಹೇಳಿಕಳಿಸಿದ: ಬೇಲರ್, ವೆಸ್ಟ್ ಇಬ್ಬರೂ ಈಗಲೇ ಹೊರಗೆ ಬರಬೇಕು, ಇಲ್ಲಾಂದ್ರೆ ಅವರ ಕಥೆ ಮುಗೀತು. ಬೇಲರ್ ಅದಕ್ಕೆ ಕೊಟ್ಟ ಉತ್ತರ ಅಚ್ಚಿನಲ್ಲಿ ಹಾಕುವಂಥದ್ದಲ್ಲ. ಆ ಬೆದರಿಕೆಯಿಂದ ಒಳಗಿದ್ದವರು ಇನ್ನಷ್ಟು ಗಟ್ಟಿಯಾದರು. ಇತ್ತ ಚಾನೆಲ್‌ನವರ ಗಡಿಯಾರ ಓಡ್ತಾ ಇದೆ. ಪಂದ್ಯ ಶುರುವಾಗದಿದ್ರೆ ಪ್ರಸಾರವೇ ರದ್ದು. ಕೊನೆಗೆ ಲೀಗ್‌ನ ಅಧ್ಯಕ್ಷ ವಾಲ್ಟರ್ ಕೆನಡಿ ಬಂದು ಪಿಂಚಣಿ ಯೋಜನೆಗೆ ಮಾತು ಕೊಟ್ಟ ಮೇಲೇ ಆಟಗಾರರು ಎದ್ದರು. ಆ ರಾತ್ರಿ 26 ಪಾಯಿಂಟ್ ಹೊಡೆದು ಪಂದ್ಯಶ್ರೇಷ್ಠನಾದವನು 25 ವರ್ಷದ ಆಸ್ಕರ್ ರಾಬರ್ಟ್ಸನ್. ಈ ಹೆಸರು ನೆನಪಿಟ್ಟುಕೊಳ್ಳಿ.

ಇದನ್ನ ಯಾಕೆ ಹೇಳ್ತಿದೀನಿ ಗೊತ್ತಾ? ಪ್ರತಿ ಬೇಸಿಗೆ ಬಂತು ಅಂದ್ರೆ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ಒಂದು ಜಗಳ ಶುರುವಾಗುತ್ತೆ. ಒಪ್ಪಂದ ಮುಗಿದ ಆಟಗಾರ, ಅಂದ್ರೆ ಫ್ರೀ ಏಜೆಂಟ್, ತನ್ನಿಷ್ಟದ ತಂಡಕ್ಕೆ ಹೋಗೋದು ಸರಿಯೋ ತಪ್ಪೋ? ಸ್ಟಾರ್‌ಗಳೆಲ್ಲ ಮಾತಾಡಿಕೊಂಡು ಒಂದೇ ಕಡೆ ಸೇರಿದರೆ ಸಣ್ಣ ಊರಿನ ತಂಡಗಳ ಗತಿ ಏನು? ನಿಷ್ಠೆ ಅನ್ನೋದು ಸತ್ತೇ ಹೋಯ್ತಾ? ಹಿಂದಿನ ಕಾಲದವರು ಹೀಗಿರಲಿಲ್ಲ, ಒಂದೇ ತಂಡಕ್ಕೆ ಜೀವ ತೇಯ್ದರು ಅಂತ ಹಿರಿಯ ಅಭಿಮಾನಿಗಳು ನಿಟ್ಟುಸಿರು ಬಿಡ್ತಾರೆ. ಹಿಂದಿನ ಕಾಲದವರು ಯಾಕೆ ಬಿಟ್ಟು ಹೋಗಲಿಲ್ಲ ಅಂತ ಮಾತ್ರ ಯಾರೂ ಕೇಳಲ್ಲ.

ಯಾಕಂದ್ರೆ ಹೋಗೋ ಹಾಗೇ ಇರಲಿಲ್ಲ! ಆಗಿನ ಒಪ್ಪಂದದಲ್ಲಿ ಒಂದು ಷರತ್ತು ಇರುತ್ತಿತ್ತು. ಅವಧಿ ಮುಗಿದರೂ ತಂಡ ಬಯಸಿದರೆ ಇನ್ನೊಂದು ವರ್ಷ ಮುಂದುವರಿಸಬಹುದು. ಆ ವರ್ಷ ಮುಗಿದರೆ ಮತ್ತೊಂದು ವರ್ಷ. ಹೀಗೇ ಕೊನೆವರೆಗೂ. ಬೇರೆ ತಂಡದವರು ಆತನನ್ನು ಮಾತಾಡಿಸುವ ಹಾಗಿಲ್ಲ. ಮಾಲೀಕನಿಗೆ ಬೇಡ ಅನ್ನಿಸಿದರೆ ಮಾತ್ರ ರಾತ್ರೋರಾತ್ರಿ ಬೇರೆ ಊರಿಗೆ ದಾಟಿಸಬಹುದು. ಬಾಗಿಲು ಇತ್ತು, ಚಿಲಕ ಮಾತ್ರ ಒಂದೇ ಕಡೆ.

ಈಗ ರಾಬರ್ಟ್ಸನ್ ವಿಷಯಕ್ಕೆ ಬರೋಣ. ಆಸ್ಕರ್ ರಾಬರ್ಟ್ಸನ್ ಬೆಳೆದದ್ದು ಇಂಡಿಯಾನಾಪೊಲಿಸ್‌ನಲ್ಲಿ. ಓದಿದ್ದು ಕ್ರಿಸ್ಪಸ್ ಆಟಕ್ಸ್ ಹೈಸ್ಕೂಲು, ಕಪ್ಪು ಮಕ್ಕಳಿಗೇ ಮೀಸಲಾಗಿದ್ದ ಶಾಲೆ. 1955ರಲ್ಲಿ ಆ ಶಾಲೆ ಇಂಡಿಯಾನಾ ರಾಜ್ಯ ಚಾಂಪಿಯನ್ ಆಯ್ತು. ಕಪ್ಪು ಮಕ್ಕಳ ಶಾಲೆಯೊಂದು ಆ ಪಟ್ಟ ಗೆದ್ದದ್ದು ಅದೇ ಮೊದಲು. ಗೆದ್ದ ಹುಡುಗರನ್ನು ಊರ ನಡುವಿನ ವೃತ್ತದಲ್ಲಿ ಮೆರೆಸುವುದು ವಾಡಿಕೆ. ಈ ಹುಡುಗರ ಮೆರವಣಿಗೆಯನ್ನು ಮಾತ್ರ ಅಲ್ಲಿ ನಿಲ್ಲಿಸದೆ, ಕಪ್ಪು ಜನರ ಬಡಾವಣೆಯ ಪಾರ್ಕಿಗೆ ಸಾಗಿಸಿಬಿಟ್ಟರು. ಆ ನೋವನ್ನು ಆತ ಮರೆಯಲಿಲ್ಲ.

ಆಮೇಲೆ ಸಿನ್ಸಿನಾಟಿ ವಿಶ್ವವಿದ್ಯಾಲಯ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಎನ್‌ಬಿಎಗೆ ಬಂದಾಗ ಯಾವ ತಂಡ ಅನ್ನೋದನ್ನ ಆತ ಆರಿಸಿಕೊಳ್ಳಲಿಲ್ಲ. ಅಕ್ಕಪಕ್ಕದ ಕಾಲೇಜಿನ ಪ್ರತಿಭೆಯ ಮೇಲೆ ಊರಿನ ತಂಡಕ್ಕೇ ಮೊದಲ ಹಕ್ಕು ಅನ್ನುವ ನಿಯಮ ಇತ್ತು. ಹಾಗಾಗಿ ಸಿನ್ಸಿನಾಟಿ ರಾಯಲ್ಸ್ ಪಾಲಾದ. 1961-62ರ ಸೀಸನ್‌ನಲ್ಲಿ ಪಂದ್ಯವೊಂದಕ್ಕೆ ಸರಾಸರಿ 30.8 ಪಾಯಿಂಟ್, 12.5 ರೀಬೌಂಡ್, 11.4 ಅಸಿಸ್ಟ್! ಮೂರರಲ್ಲೂ ಎರಡಂಕಿ ಸರಾಸರಿ. ಇದನ್ನು ಇನ್ನೊಬ್ಬ ಮಾಡಿ ತೋರಿಸೋಕೆ 2017ರವರೆಗೆ ಕಾಯಬೇಕಾಯ್ತು.

1965ರಲ್ಲಿ ಆತ ಆಟಗಾರರ ಸಂಘದ ಅಧ್ಯಕ್ಷನಾದ. 1967ರಲ್ಲಿ ಎಬಿಎ ಅಂತ ಎದುರಾಳಿ ಲೀಗ್ ಹುಟ್ಟಿಕೊಂಡಿತು. ಇಬ್ಬರು ಗಿರಾಕಿಗಳು ಬಂದ ಮೇಲೆ ಸರಕಿನ ಬೆಲೆ ಏರಲೇಬೇಕಲ್ಲ, ಸಂಬಳ ಏರಿತು. ಆದ್ರೂ ಹೋಗೋದು ಸುಲಭ ಇರಲಿಲ್ಲ. ರಿಕ್ ಬ್ಯಾರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಹೊಸ ಲೀಗಿಗೆ ಹೊರಟಾಗ ಕೋರ್ಟು ತಡೆದು, ಇಡೀ ಒಂದು ಸೀಸನ್ ಮೈದಾನದ ಹೊರಗೆ ಕೂರಬೇಕಾಯಿತು. ಮೂರು ವರ್ಷ ಕಳೆಯುವುದರೊಳಗೆ ಎರಡೂ ಲೀಗ್‌ಗಳ ಮಾಲೀಕರು ಯೋಚನೆ ಮಾಡಿದ್ರು. ಜಗಳ ಯಾಕೆ, ಒಂದಾಗೋಣ. ಒಂದಾದರೆ ಆಟಗಾರನಿಗೆ ಮತ್ತೆ ಒಂದೇ ಅಂಗಡಿ! 1970ರ ಏಪ್ರಿಲ್‌ನಲ್ಲಿ ರಾಬರ್ಟ್ಸನ್ ಮತ್ತು ಸಂಗಡಿಗರು ಕೋರ್ಟು ಮೆಟ್ಟಿಲೇರಿದರು. ಈ ವಿಲೀನ ಬೇಡ, ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುವ ಷರತ್ತೂ ಬೇಡ ಅಂತ.

ಇಲ್ಲೊಂದು ವಿಚಿತ್ರ ನೋಡಿ. ಆಟಗಾರರ ಸಂಘವನ್ನು 1954ರಲ್ಲಿ ಕಟ್ಟಿದವನು ಬಾಸ್ಟನ್‌ನ ಬಾಬ್ ಕೂಸಿ. ಅದೇ ಕೂಸಿ 1969ರಲ್ಲಿ ಸಿನ್ಸಿನಾಟಿ ತಂಡದ ಕೋಚ್ ಆಗಿ ಬಂದ. ಆತನ ಕಾಲದಲ್ಲೇ ರಾಬರ್ಟ್ಸನ್‌ನನ್ನು ಬಾಲ್ಟಿಮೋರ್‌ಗೆ ದಾಟಿಸಲು ಹೊರಟರು. ತನ್ನ ಒಪ್ಪಿಗೆ ಬೇಕು ಅನ್ನುವ ಅಪರೂಪದ ಷರತ್ತು ರಾಬರ್ಟ್ಸನ್‌ನ ಒಪ್ಪಂದದಲ್ಲಿತ್ತು. ಒಲ್ಲೆ ಅಂದ. ಆಮೇಲೆ ಮೊಕದ್ದಮೆ ಹೂಡಿದ ಅದೇ ಏಪ್ರಿಲ್ ತಿಂಗಳಲ್ಲಿ ಮಿಲ್ವಾಕೀಗೆ ಟ್ರೇಡ್ ಆದ. ಅಲ್ಲಿ ಕರೀಂ ಅಬ್ದುಲ್ ಜಬ್ಬಾರ್ ಜೊತೆ ಸೇರಿ 1971ರಲ್ಲಿ ಚಾಂಪಿಯನ್ನೂ ಆದ. ಇನ್ನು ಸಿನ್ಸಿನಾಟಿ? 1972ರಲ್ಲಿ ಇಡೀ ತಂಡವೇ ಗಂಟುಮೂಟೆ ಕಟ್ಟಿಕೊಂಡು ಕ್ಯಾನ್ಸಾಸ್ ಸಿಟಿಗೆ ಹೋಯಿತು! ಈಗ ಅದು ಸ್ಯಾಕ್ರಮೆಂಟೊದಲ್ಲಿದೆ. ಊರಿಗೆ ಊರೇ ಪ್ರೀತಿಸಿದ ತಂಡವನ್ನು ಮಾಲೀಕ ಎತ್ತಿಕೊಂಡು ಹೋಗಬಹುದು, ಅದೇ ತಂಡದ ಆಟಗಾರ ಒಪ್ಪಂದ ಮುಗಿದ ಮೇಲೂ ಅಲುಗಾಡುವ ಹಾಗಿಲ್ಲ. ನಿಷ್ಠೆಯ ಪಾಠ ಯಾರಿಗೆ ಹೇಳಬೇಕಿತ್ತು ಸ್ವಾಮಿ?

ಮೊಕದ್ದಮೆ ಆರು ವರ್ಷ ಎಳೆಯಿತು. ಇದರ ಮಧ್ಯೆ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ ಇಂಥದ್ದೇ ಷರತ್ತನ್ನು ಪ್ರಶ್ನಿಸಿ 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತಿದ್ದ. ಆತನ ಆಟದ ಬದುಕೂ ಅಲ್ಲಿಗೇ ಮುಗಿದಿತ್ತು. ಬ್ಯಾಸ್ಕೆಟ್‌ಬಾಲ್‌ನವರು ಇದನ್ನೆಲ್ಲ ನೋಡುತ್ತಲೇ ಇದ್ದರು. ಅವರ ಪ್ರಕರಣ ಬಂದದ್ದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶ ರಾಬರ್ಟ್ ಕಾರ್ಟರ್ ಅವರ ಮುಂದೆ. ಯಾರು ಈ ಕಾರ್ಟರ್? ಶಾಲೆಗಳಲ್ಲಿ ಕರಿಯರು ಬಿಳಿಯರು ಬೇರೆ ಬೇರೆ ಅನ್ನುವ ಪದ್ಧತಿಯನ್ನು 1954ರಲ್ಲಿ ಕಿತ್ತುಹಾಕಿಸಿದ ಐತಿಹಾಸಿಕ ಮೊಕದ್ದಮೆಯಲ್ಲಿ ವಾದಿಸಿದ ವಕೀಲರಲ್ಲಿ ಒಬ್ಬರು. ತೀರ್ಪು ಯಾವ ಕಡೆ ವಾಲುತ್ತೆ ಅನ್ನೋದು ಮಾಲೀಕರಿಗೆ ಅರ್ಥವಾಯ್ತು. 1976ರಲ್ಲಿ ರಾಜಿ ಆಯ್ತು. ಆಟಗಾರನನ್ನು ಕೊನೆವರೆಗೂ ಕಟ್ಟಿಹಾಕುವ ಷರತ್ತು ಹೋಯಿತು. ಎಬಿಎಯ ನಾಲ್ಕು ತಂಡಗಳು ಎನ್‌ಬಿಎ ಸೇರಿದವು.

ರಾಬರ್ಟ್ಸನ್‌ಗೆ ಇದರಿಂದ ಸಿಕ್ಕಿದ್ದೇನು? ಆತ 1974ರಲ್ಲೇ ನಿವೃತ್ತನಾಗಿದ್ದ. ತಾನು ಗೆದ್ದುಕೊಟ್ಟ ಹಕ್ಕನ್ನು ಆತ ಒಂದು ದಿನವೂ ಬಳಸಲಿಲ್ಲ. ಟಿವಿಯಲ್ಲಿ ಕಾಮೆಂಟರಿ ಕೆಲಸ ಸಿಕ್ಕಿತ್ತು, ಸಿಬಿಎಸ್ ಚಾನೆಲ್‌ನಲ್ಲಿ, ಒಂದೇ ಸೀಸನ್. ಆ ಮೊಕದ್ದಮೆಯ ಸಿಟ್ಟಿಗೇ ತನ್ನನ್ನು ದೂರ ಇಟ್ಟರು ಅನ್ನುವುದು ಆತನ ನಂಬಿಕೆ.

ಹಾಗಂತ 1976ರಲ್ಲೇ ಬಾಗಿಲು ಪೂರ್ತಿ ತೆರೀಲಿಲ್ಲ. ಆಟಗಾರ ಹೋದರೆ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಆಮೇಲೆ, ಬೇರೆಯವರು ಕೊಡುವಷ್ಟೇ ಕೊಟ್ಟು ಹಳೆಯ ತಂಡವೇ ಉಳಿಸಿಕೊಳ್ಳಬಹುದು ಅನ್ನೋ ನಿಯಮ ಬಂತು. ಯಾವ ತೊಡಕೂ ಇಲ್ಲದೆ ಹೊರಟ ಮೊದಲಿಗ ಟಾಮ್ ಚೇಂಬರ್ಸ್. 1988ರ ಬೇಸಿಗೆಯಲ್ಲಿ ಸಿಯಾಟಲ್‌ನಿಂದ ಫೀನಿಕ್ಸ್‌ಗೆ. ಬಾಸ್ಟನ್ನಿನ ಆ ಹಿಮದ ರಾತ್ರಿ ಕಳೆದು 24 ವರ್ಷ ಆಗಿತ್ತು!

ನಮ್ಮಲ್ಲೂ ಒಮ್ಮೆ ನೆನಪು ಮಾಡಿಕೊಳ್ಳಿ. 2011ರ ಜನವರಿಯಲ್ಲಿ ಐಪಿಎಲ್ ಹರಾಜು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಆರ್‌ಸಿಬಿ ತನ್ನಲ್ಲಿ ಉಳಿಸಿಕೊಂಡದ್ದು ಕೊಹ್ಲಿ ಒಬ್ಬನನ್ನೇ. ಬೆಂಗಳೂರಿನ ಹುಡುಗ ರಾಹುಲ್ ದ್ರಾವಿಡ್ ಬೆಂಗಳೂರಿನ ಹೋಟೆಲ್ಲಿನಲ್ಲಿ ಕೂಗಿದ ಹರಾಜಿನಲ್ಲಿ ರಾಜಸ್ಥಾನದ ಪಾಲಾದರು. ಆಗ ಆರ್‌ಸಿಬಿ ದ್ರೋಹ ಮಾಡಿತು ಅಂತ ಎಷ್ಟು ಜನ ಅಂದ್ರು? ಅದೇ ದ್ರಾವಿಡ್ ತಾವಾಗಿ ಹೊರಟಿದ್ದರೆ ನಾವೇನು ಅಂತಿದ್ದೆವು?

2010ರ ಜುಲೈ 8. ಮತ್ತೆ ಲೈವ್ ಟಿವಿ. ಲೆಬ್ರಾನ್ ಜೇಮ್ಸ್ ಇಎಸ್‌ಪಿಎನ್‌ನಲ್ಲಿ ಕೂತು, ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿಗೆ ಹೋಗ್ತೀನಿ ಅಂತ ಘೋಷಿಸಿದ. ಆತ ಹುಟ್ಟಿದ್ದು ಪಕ್ಕದ ಆಕ್ರನ್‌ನಲ್ಲಿ, ಅಂದ್ರೆ ಮನೆಮಗ. ಊರಿನ ಜನ ಬೀದಿಗೆ ಬಂದು ಆತನ ಜೆರ್ಸಿ ಸುಟ್ಟರು. ತಂಡದ ಮಾಲೀಕ ಡ್ಯಾನ್ ಗಿಲ್ಬರ್ಟ್ ಉರಿದುಬಿದ್ದು ಬಹಿರಂಗ ಪತ್ರವನ್ನೇ ಬರೆದ. ಅದಕ್ಕೆ ಲೀಗ್ ಆತನಿಗೆ 1 ಲಕ್ಷ ಡಾಲರ್ ದಂಡ ಹಾಕಿತು. ನಾನೂ ಆ ಕಾರ್ಯಕ್ರಮ ನೋಡಿದವನೇ. ಒಬ್ಬ ಆಟಗಾರ ತನ್ನೂರು ಬಿಡೋದನ್ನ ಒಂದು ಗಂಟೆಯ ಶೋ ಮಾಡಿದ್ದು ಸರಿ ಅಂತ ನನಗೆ ಇವತ್ತಿಗೂ ಅನ್ನಿಸಲ್ಲ. ಅದು ಗಾಯಕ್ಕೆ ಉಪ್ಪು. ಆದ್ರೆ ತಪ್ಪಿದ್ದದ್ದು ಶೋನಲ್ಲಿ, ಹೋದದ್ದರಲ್ಲಿ ಅಲ್ಲ. ಏಳು ಸೀಸನ್ ಆಡಿದ್ದ, ಒಪ್ಪಂದ ಮುಗಿದಿತ್ತು, ಹೊರಟ.

ಇನ್ನೊಂದು ಪಕ್ಷದ ವಾದದಲ್ಲೂ ಹುರುಳಿದೆ, ಇಲ್ಲ ಅನ್ನಲ್ಲ. 2016ರಲ್ಲಿ ಕೆವಿನ್ ಡ್ಯೂರಾಂಟ್ ಮಾಡಿದ್ದನ್ನೇ ನೋಡಿ. ಆತನ ಓಕ್ಲಹೋಮ ತಂಡ 3-1 ಮುಂದಿದ್ದೂ ಗೋಲ್ಡನ್ ಸ್ಟೇಟ್ ಎದುರು ಸೋತಿತು. ಕೆಲವೇ ವಾರಗಳಲ್ಲಿ ಡ್ಯೂರಾಂಟ್ ಅದೇ ಗೋಲ್ಡನ್ ಸ್ಟೇಟ್ ಸೇರಿಬಿಟ್ಟ! ಆ ಸೀಸನ್‌ನಲ್ಲಿ 73 ಪಂದ್ಯ ಗೆದ್ದಿದ್ದ ತಂಡ ಅದು. ಆಮೇಲಿನ ಎರಡು ವರ್ಷ ಚಾಂಪಿಯನ್ ಯಾರು ಅಂತ ಕೇಳುವುದೇ ಬೇಡವಾಗಿತ್ತು. ಅಭಿಮಾನಿಗೆ ಬೇಸರ ಆಗದೆ ಇರುತ್ತಾ? ಆದ್ರೆ ಇದು ಸಾಧ್ಯವಾದದ್ದು ಹೇಗೆ? ಪ್ರತಿ ತಂಡ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅನ್ನುವ ಮಿತಿಗೆ ಸ್ಯಾಲರಿ ಕ್ಯಾಪ್ ಅಂತಾರೆ. 1984-85ರಲ್ಲಿ ಅದು 36 ಲಕ್ಷ ಡಾಲರ್ ಇತ್ತು. ಟಿವಿ ಹಕ್ಕುಗಳ 2,400 ಕೋಟಿ ಡಾಲರ್‌ನ ಹೊಸ ಒಪ್ಪಂದ ಜಾರಿಗೆ ಬಂದದ್ದೇ ತಡ, 7 ಕೋಟಿ ಇದ್ದ ಮಿತಿ 2016ರಲ್ಲಿ ಒಂದೇ ಏಟಿಗೆ 9 ಕೋಟಿ 41 ಲಕ್ಷಕ್ಕೆ ಹಾರಿತು. ಗೋಲ್ಡನ್ ಸ್ಟೇಟ್ ಖಜಾನೆಯಲ್ಲಿ ಇದ್ದಕ್ಕಿದ್ದಂತೆ ಜಾಗ ಹುಟ್ಟಿಕೊಂಡಿತು. ದುಡ್ಡು ನಮ್ಮ ಕಡೆಯದು, ಅಂದ್ರೆ ಟಿವಿಯವರದು. ನಿಯಮ ಲೀಗಿನದು. ಬೈಗುಳ ಮಾತ್ರ ಡ್ಯೂರಾಂಟ್‌ಗೆ.

ಈಗ ಉಲ್ಟಾ ಕಥೆ. ಡಿಮಾರ್ ಡಿರೋಜನ್ ಅಂತ ಒಬ್ಬ. ಟೊರಾಂಟೊ ತಂಡಕ್ಕೆ ಒಂಬತ್ತು ಸೀಸನ್ ಆಡಿದ. 2016ರಲ್ಲಿ ಫ್ರೀ ಏಜೆಂಟ್ ಆದಾಗ ಬೇರೆ ತಂಡದವರ ಜೊತೆ ಕೂತು ಮಾತಾಡಲೂ ಇಲ್ಲ, ನಾನು ಇಲ್ಲೇ ಅಂದ. ಅಭಿಮಾನಿಗಳು ಬಯಸುವ ನಿಷ್ಠೆಯೇ ಮೂರ್ತಿವೆತ್ತ ಹಾಗೆ. 2018ರ ಜುಲೈನಲ್ಲಿ ತಂಡ ಆತನನ್ನು ಸ್ಯಾನ್ ಆಂಟೋನಿಯೊಗೆ ಕೊಟ್ಟು ಕವಾಯ್ ಲೆನಾರ್ಡ್‌ನನ್ನು ತಂತು. ಮುಂದಿನ ವರ್ಷವೇ ಟೊರಾಂಟೊ ಚಾಂಪಿಯನ್! ಲೆನಾರ್ಡ್ ಒಂದೇ ವರ್ಷ ಇದ್ದು ಲಾಸ್ ಏಂಜಲೀಸ್‌ಗೆ ಹೊರಟುಹೋದ. ಮ್ಯಾನೇಜರ್‌ನ ಜಾಣತನ ಅಂತ ಎಲ್ಲರೂ ಕೊಂಡಾಡಿದರು. ಜಾಣತನ ಹೌದು. ಒಬ್ಬ ಆಟಗಾರ ಇಷ್ಟೇ ಲೆಕ್ಕಾಚಾರ ಮಾಡಿ ಹೊರಟಿದ್ದರೆ ಅದಕ್ಕೆ ಸ್ವಾರ್ಥ ಅನ್ನೋ ಹೆಸರು ಸಿದ್ಧವಾಗಿರುತ್ತಿತ್ತು.

ಲೆಬ್ರಾನ್ 2014ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ವಾಪಸ್ ಬಂದ. ಕರೆತಂದದ್ದು ಅದೇ ಪತ್ರ ಬರೆದಿದ್ದ ಗಿಲ್ಬರ್ಟ್! 2016ರಲ್ಲಿ ಆತ ಕಪ್ ಗೆದ್ದುಕೊಟ್ಟ. ದೊಡ್ಡ ಆಟಗಳಲ್ಲಿ ಆ ಊರು ಕೊನೆಯ ಸಲ ಚಾಂಪಿಯನ್ ಆಗಿದ್ದದ್ದು 1964ರಲ್ಲಿ, ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಜೆರ್ಸಿ ಸುಟ್ಟ ಊರು ಆ ದಿನ ಬೀದಿಯಲ್ಲಿ ಕುಣಿಯಿತು.

ಈಚೆಗೆ ಮಾತ್ರ ಅಭಿಮಾನಿಯ ಸಿಟ್ಟು ದಿಕ್ಕು ಬದಲಿಸಿದ್ದನ್ನ ನೋಡಿದೆ. 2025ರ ಫೆಬ್ರುವರಿಯಲ್ಲಿ ಡಲ್ಲಾಸ್ ತಂಡ ತನ್ನ 25 ವರ್ಷದ ಲೂಕಾ ಡಾನ್ಸಿಚ್‌ನನ್ನು ಲೇಕರ್ಸ್‌ಗೆ ದಾಟಿಸಿತು. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ಗೆ ಒಯ್ದಿದ್ದ ಹುಡುಗ. ಆತ ಕೇಳಿರಲಿಲ್ಲ, ಆತನನ್ನು ಯಾರೂ ಕೇಳಲೂ ಇಲ್ಲ. ಲೀಗ್ ಸೇರಿ ಎಂಟು ವರ್ಷ ಆಗಿ, ಅದರಲ್ಲಿ ನಾಲ್ಕು ಅದೇ ತಂಡದಲ್ಲಿ ಕಳೆದವರಿಗಷ್ಟೇ ಟ್ರೇಡ್ ಬೇಡ ಅನ್ನುವ ಷರತ್ತು ಕೇಳುವ ಹಕ್ಕು. ಲೂಕಾಗೆ ಅಷ್ಟು ವರ್ಷ ಆಗಿರಲಿಲ್ಲ. ಈ ಸಲ ಸಿಟ್ಟು ಆಟಗಾರನ ಮೇಲಿರಲಿಲ್ಲ. ಅಭಿಮಾನಿಗಳು ಕ್ರೀಡಾಂಗಣದ ಮುಂದೆ ಶವಪೆಟ್ಟಿಗೆ ತಂದಿಟ್ಟು, ಮ್ಯಾನೇಜರ್‌ನನ್ನು ಕಿತ್ತುಹಾಕಿ ಅಂತ ಕೂಗಿದರು.

ಏಪ್ರಿಲ್ 9ರಂದು ಲೂಕಾ ಲೇಕರ್ಸ್ ಜೆರ್ಸಿಯಲ್ಲಿ ಡಲ್ಲಾಸ್‌ಗೆ ಬಂದ. ಪಂದ್ಯಕ್ಕೆ ಮುಂಚೆ ಆತನ ಹಳೆಯ ಆಟದ ವಿಡಿಯೊ ಹಾಕಿದರು. ಬೆಂಚಿನ ಮೇಲೆ ಕೂತಿದ್ದವನ ಕಣ್ಣು ತುಂಬಿ ಬಂತು, ಟವೆಲ್‌ನಿಂದ ಒರೆಸಿಕೊಂಡ. ಆಮೇಲೆ ಎದ್ದು ಹೋಗಿ, ತನ್ನನ್ನು ಕಳಿಸಿದ ತಂಡದ ಮೇಲೆ 45 ಪಾಯಿಂಟ್ ಹೊಡೆದ. ಹೊಡೆದಾಗಲೆಲ್ಲ ಡಲ್ಲಾಸ್‌ನ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.