ಮಿಠಾಯಿ ಭರಣಿಯೊಳಗಿನ ಮೈಲಾಂಜಿ

ಕಳೆದ ಪೆರ್ನಾಲ್‌ಗೆ ಅಕ್ಕನ ಮಗಳ ಮನೆಗೆ ಹೋಗಿದ್ದೆ. ಮಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟ್. ಹಾಲ್‌ನ ಮೂಲೆಯಲ್ಲಿ ಒಂದು ದೊಡ್ಡ ಗಾಜಿನ ಭರಣಿ, ಅದರೊಳಗೆ ಮಣ್ಣು, ಪಾಚಿ, ಎರಡು ಪುಟ್ಟ ಜರಿಗಿಡ. "ಇದು ಟೆರೇರಿಯಂ, ಈಗಿನ ಫ್ಯಾಷನ್" ಎಂದಳು. ನನಗೆ ನಗು ಬಂತು. "ನಮ್ಮ ಉಮ್ಮ ಇದನ್ನು ಎಮರಾಲ್ಡ್‌ನಲ್ಲಿ ನಲವತ್ತು ವರ್ಷದ ಹಿಂದೆಯೇ ಮಾಡಿದ್ದರು, ಅದೂ ಅಂಗಡಿಯ ಮಿಠಾಯಿ ಭರಣಿಯಲ್ಲಿ" ಎಂದೆ. ಅವಳು ನಂಬಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಮರಾಲ್ಡ್ ಇರುವುದು ನೀಲಗಿರಿಯಲ್ಲಿ, ಊಟಿಯಿಂದ ಸುಮಾರು 20 ಕಿ.ಮೀ. ದೂರ, ಸಮುದ್ರಮಟ್ಟದಿಂದ 6 ಸಾವಿರ ಅಡಿಗೂ ಎತ್ತರದಲ್ಲಿ. ಸುತ್ತ ಚಹಾ ತೋಟ, ಆಲೂಗಡ್ಡೆ, ಕ್ಯಾರೆಟ್ ಬೆಳೆಯುವ ಗದ್ದೆ, ಕೆಳಗೆ ಅಣೆಕಟ್ಟಿನ ನೀರು. ಕೆನಡಾ ದೇಶದ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆ ಶುರುವಾದದ್ದು 1950ರ ದಶಕದಲ್ಲಿ. ಎಮರಾಲ್ಡ್, ಅವಲಾಂಚಿ ಅಣೆಕಟ್ಟುಗಳು ಅದರ ಭಾಗ. ಕೆಲಸಕ್ಕೆಂದು ತಮಿಳು, ಮಲಯಾಳಂ ಮಾತನಾಡುವವರು ಬಂದರು, ಹಲವರು ಅಲ್ಲೇ ಉಳಿದರು. ಜನ ಇದ್ದಲ್ಲಿಗೆ ಅಂಗಡಿ ಹೋಗುತ್ತದೆ, ಅಂಗಡಿ ಇದ್ದಲ್ಲಿಗೆ ಬ್ಯಾರಿ ಹೋಗುತ್ತಾನೆ. ನಮ್ಮ ಬಾಪ 1978ರಲ್ಲಿ ಒಣಮೀನು, ದಿನಸಿ ಮಾರುವ ಸಣ್ಣ ಅಂಗಡಿ ಹಾಕಿದರು. ಎರಡು ವರ್ಷದ ಮೇಲೆ ಉಮ್ಮನನ್ನೂ ನಮ್ಮನ್ನೂ ಕರೆಸಿಕೊಂಡರು.

ಮನೆ ಎಂದರೆ ಲೈನ್ ಮನೆಯ ಒಂದು ಭಾಗ. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಒಂದೇ ಕಿಟಕಿ. ಅಂಗಳವೆಂದರೆ ಎಲ್ಲರೂ ನಡೆಯುವ ದಾರಿ. ಊರಿನಲ್ಲಿ ಬಾವಿಕಟ್ಟೆಯ ಪಕ್ಕ ಮೈಲಾಂಜಿ, ಮಲ್ಲಿಗೆ, ಬಸಳೆ ಇದ್ದ ಹೆಂಗಸು ನಮ್ಮ ಉಮ್ಮ. ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೈಲಾಂಜಿಯ ನಾಲ್ಕು ಗೆಲ್ಲು ತಂದಿದ್ದರು. ಅಕ್ಕನ ಮದುವೆಗೆ ಮನೆಯದೇ ಮೈಲಾಂಜಿ ಅರೆಯಬೇಕು ಎಂಬುದು ಅವರ ಆಸೆ. ಅಕ್ಕನಿಗೆ ಆಗ ಒಂಬತ್ತು ವರ್ಷ!

ಗೆಲ್ಲುಗಳನ್ನು ಡಾಲ್ಡಾ ಡಬ್ಬದಲ್ಲಿ ನೆಟ್ಟು ಹೊಸ್ತಿಲ ಹೊರಗೆ ಇಟ್ಟರು. ಚಿಗುರಿತು ಕೂಡ. ಪಕ್ಕದ ಮನೆಯ ಬಡಗ ಅಕ್ಕ, "ಹಿಮ ಬೀಳುತ್ತದೆ, ಒಳಗಿಡು" ಎಂದಿದ್ದರು. ಬಡಗ ಭಾಷೆ ಕನ್ನಡಕ್ಕೆ ಹತ್ತಿರ, ಆದ್ದರಿಂದ ಮಾತು ಅರ್ಥವಾಗಿತ್ತು. ಹಿಮ ಏನು ಮಾಡುತ್ತದೆ ಎಂದು ಅರ್ಥವಾಗಿರಲಿಲ್ಲ. ಡಿಸೆಂಬರ್‌ನ ಒಂದು ರಾತ್ರಿ ಆಕಾಶ ಶುಭ್ರವಾಗಿತ್ತು, ಗಾಳಿ ಇರಲಿಲ್ಲ. ಅಂಥ ರಾತ್ರಿಯಲ್ಲೇ ನೆಲದ ಬಿಸಿಯೆಲ್ಲ ಮೇಲೆ ಹೋಗಿಬಿಡುತ್ತದೆ, ತಣ್ಣನೆ ಗಾಳಿ ಕಣಿವೆಗೆ ಇಳಿದು ನಿಲ್ಲುತ್ತದೆ. ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ, ಮಧ್ಯಾಹ್ನದ ಹೊತ್ತಿಗೆ ಮೈಲಾಂಜಿ ಕಪ್ಪಗೆ. ಉಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ಸಲ ಊರಿಗೆ ಹೋದಾಗ ಮತ್ತೆ ಗೆಲ್ಲು ತಂದರು. ಈ ಬಾರಿ ಬಾಪನ ಅಂಗಡಿಯಿಂದ ಅಂಚು ಒಡೆದ ಮಿಠಾಯಿ ಭರಣಿಯೊಂದನ್ನು ಕೇಳಿ ತೆಗೆದುಕೊಂಡರು. ತಳಕ್ಕೆ ಸಣ್ಣ ಕಲ್ಲು, ಮೇಲೆ ಮಣ್ಣು, ಅದರಲ್ಲಿ ಗೆಲ್ಲು, ಬಾಯಿಗೆ ತಗಡಿನ ಮುಚ್ಚಳ. ಕಿಟಕಿಯ ದಂಡೆಯಲ್ಲಿ ಬಿಸಿಲು ಬೀಳುವಲ್ಲಿ ಇಟ್ಟರು. ಗಾಜಿನ ಒಳಗೆ ನೀರಿನ ಹನಿ ಹೆಚ್ಚಾದರೆ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬಿಡುತ್ತಿದ್ದರು, ಇಲ್ಲದಿದ್ದರೆ ಕೊಳೆಯುತ್ತದೆ ಎಂದು. ನಾಲ್ಕರಲ್ಲಿ ಒಂದು ಬೇರು ಬಿಟ್ಟಿತು.

ಉಮ್ಮನಿಗೆ ಗೊತ್ತಿಲ್ಲದ ಒಂದು ಕಥೆಯನ್ನು ನಾನು ಬಹಳ ವರ್ಷದ ಮೇಲೆ ಓದಿದೆ. 1829ರಲ್ಲಿ ಲಂಡನ್‌ನ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಹಾಕಿ ಮುಚ್ಚಿಟ್ಟರು. ಅದರಲ್ಲಿ ತಾನಾಗಿಯೇ ಒಂದು ಜರಿಗಿಡ ಮೊಳೆಯಿತು. ಅವರ ಬೀದಿಯ ಕಲ್ಲಿದ್ದಲ ಹೊಗೆಗೆ ಹಿತ್ತಿಲಿನ ಜರಿಗಿಡಗಳೆಲ್ಲ ಸಾಯುತ್ತಿದ್ದವು. ಬಾಟಲಿಯೊಳಗಿನದು ಹೆಚ್ಚುಕಡಿಮೆ ನಾಲ್ಕು ವರ್ಷ ಬದುಕಿತು. ಒಳಗಿನ ತೇವವೇ ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. 1833ರಲ್ಲಿ ವಾರ್ಡ್ ಗಾಜಿನ ಪೆಟ್ಟಿಗೆಗಳಲ್ಲಿ ಗಿಡ ತುಂಬಿ ಹಡಗಿನಲ್ಲಿ ಸಿಡ್ನಿಗೆ ಕಳಿಸಿದರು. ತಿಂಗಳುಗಟ್ಟಲೆ ಸಮುದ್ರಪ್ರಯಾಣದ ಬಳಿಕವೂ ಗಿಡಗಳು ಜೀವಂತ. ಆಮೇಲೆ ಅದು ವಾರ್ಡ್ ಪೆಟ್ಟಿಗೆ ಎಂದೇ ಹೆಸರಾಯಿತು, ಉಳ್ಳವರ ಮನೆಯ ಹಜಾರದಲ್ಲಿ ಅಲಂಕಾರವಾಯಿತು. ಇವತ್ತಿನ ಟೆರೇರಿಯಂ ಅದರ ಮೊಮ್ಮಗಳು.

ಆ ಪೆಟ್ಟಿಗೆ ನೀಲಗಿರಿಗೂ ಬಂತು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಸಿಗುವ ಸಿಂಕೋನಾ ಮರ ದಕ್ಷಿಣ ಅಮೆರಿಕದ್ದು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಂ ಪೆರುವಿನಿಂದ ವಾರ್ಡ್ ಪೆಟ್ಟಿಗೆಗಳಲ್ಲಿ ಸಿಂಕೋನಾ ಗಿಡ ತಂದರು. ದಾರಿಯಲ್ಲೇ ಬಳಲಿದ್ದ ಆ ಗಿಡಗಳು ಊಟಿಗೆ ಮುಟ್ಟಿದ ಮೇಲೆ ಸತ್ತವು. 1861ರಲ್ಲಿ ರಾಬರ್ಟ್ ಕ್ರಾಸ್ ಎಂಬ ತೋಟಗಾರ ಈಕ್ವೆಡಾರ್ ಕಡೆಯಿಂದ ತಂದ ಇನ್ನೊಂದು ಜಾತಿಯ ಗಿಡಗಳು ಬದುಕಿದವು. ಊಟಿಯ ಸಸ್ಯೋದ್ಯಾನವನ್ನು ಕಟ್ಟಿದ ವಿಲಿಯಂ ಮೆಕೈವರ್ ಅವುಗಳಿಂದ ಗೆಲ್ಲು ತೆಗೆದು ಬೆಳೆಸಿ, ದೊಡ್ಡಬೆಟ್ಟ ಮತ್ತು ನಡುವಟ್ಟಂನಲ್ಲಿ ತೋಟ ಮಾಡಿದರು. ಮಲೇರಿಯಾ ಜ್ವರ ಏನೆಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮೊದಲ ಕಂತು ಸತ್ತು, ಎರಡನೆಯದು ಉಳಿದ ಆ ಸಂಗತಿ ಓದಿದಾಗ ನನಗೆ ನೆನಪಾದದ್ದು ಡಾಲ್ಡಾ ಡಬ್ಬ ಮತ್ತು ಭರಣಿ.

ಬೇರು ಬಿಟ್ಟ ಮೈಲಾಂಜಿಗೆ ಭರಣಿ ಸಾಲದಾಯಿತು. ಪುನಃ ಡಬ್ಬ. ಹಿಮದ ದಿನಗಳಲ್ಲಿ ಅದು ರಾತ್ರಿ ಒಲೆಯ ಹತ್ತಿರ, ಹಗಲು ಕಿಟಕಿಯ ಹತ್ತಿರ. ಅಷ್ಟರಲ್ಲಿ ಬೇರೆ ಗಿಡಗಳೂ ಸೇರಿಕೊಂಡಿದ್ದವು. ಇದ್ದ ಒಂದು ಕಿಟಕಿಗೆ ಎಲ್ಲವನ್ನೂ ತೋರಿಸುವುದು ಹೇಗೆ? ಮೇ ತಿಂಗಳಲ್ಲಿ ಊಟಿಯ ಫ್ಲವರ್ ಶೋಗೆ ಹೋಗಿದ್ದಾಗ ಗ್ಯಾಲರಿಯಲ್ಲಿ ಹೂಕುಂಡಗಳನ್ನು ಮೆಟ್ಟಿಲಿನಂತೆ ಜೋಡಿಸಿದ್ದನ್ನು ಉಮ್ಮ ನೋಡಿದ್ದರು. ಬಾಪನ ಹತ್ತಿರ ಟೀ ಪೆಟ್ಟಿಗೆಯ ಪ್ಲೈವುಡ್‌ನಿಂದ ಮೂರು ಮೆಟ್ಟಿಲಿನ ಸ್ಟ್ಯಾಂಡ್ ಮಾಡಿಸಿದರು. ಹಿಂದಿನ ಗಿಡಕ್ಕೆ ಮುಂದಿನದರ ನೆರಳು ಬೀಳುವುದಿಲ್ಲ, ಎರಡಡಿ ಜಾಗದಲ್ಲಿ ಒಂಬತ್ತು ಡಬ್ಬ. ಊರಿನಿಂದ ಬಂದ ತೆಂಗಿನ ಗೆರಟೆಗೆ ತೂತು ಕೊರೆದು, ತಂತಿ ಕಟ್ಟಿ, ಮಾಡಿನ ಜಂತಿಯಿಂದ ಇಳಿಬಿಟ್ಟರು. ಅದರಲ್ಲಿ ನೆರಳು ಬೇಕಾದ ಜರಿಗಿಡ. ನೆಲದಲ್ಲಿ ನಾವು ಮಲಗಬೇಕಿತ್ತಲ್ಲ! ಮೇಲಿನ ಗೆರಟೆಯಿಂದ ಸೋರುವ ನೀರು ಕೆಳಗಿನ ಡಬ್ಬಕ್ಕೆ ಬೀಳುವಂತೆ ಕಟ್ಟಿದ್ದರು.

ಇಂಥ ಮೆಟ್ಟಿಲಿಗೂ ಇತಿಹಾಸ ಇದೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಆರಿಕ್ಯುಲಾ ಎಂಬ ಹೂವಿನ ಕುಂಡಗಳನ್ನು ಮೆಟ್ಟಿಲ ಮೇಲಿಟ್ಟು, ಮೇಲೊಂದು ಮಾಡು ಹಾಕಿ, ಅದನ್ನು ಥಿಯೇಟರ್ ಎಂದು ಕರೆಯುತ್ತಿದ್ದರು. ಆ ಹೂವಿನ ಮೇಲಿರುವ ಬಿಳಿಯ ಪುಡಿ ಮಳೆಗೆ ತೊಳೆದುಹೋಗುತ್ತದೆ, ಅದಕ್ಕೆ ಮಾಡು. ಲಂಡನ್‌ನಲ್ಲಿ ಹೊಗೆಗೆ ಹೆದರಿ ಗಾಜು, ಅಲ್ಲಿ ಮಳೆಗೆ ಹೆದರಿ ಥಿಯೇಟರ್, ಎಮರಾಲ್ಡ್‌ನಲ್ಲಿ ಹಿಮಕ್ಕೆ ಹೆದರಿ ಭರಣಿ. ಈಗ ನಾವು ಚಂದಕ್ಕೆಂದು ಇಡುವ ರೀತಿಗಳಲ್ಲಿ ಎಷ್ಟೋ, ಗಿಡ ಉಳಿಸಿಕೊಳ್ಳಲು ಯಾರೋ ಪಟ್ಟ ಪಾಡಿನಿಂದ ಬಂದವು. ಹಾಗಾಗಿ ಮನೆಯಲ್ಲಿ ಗಿಡ ಎಲ್ಲಿಡಬೇಕೆಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಅದನ್ನು ಕೊಲ್ಲುವುದು ಏನು ಎಂದು ಮೊದಲು ನೋಡಿ. ಜಾಗ ತಾನಾಗಿ ಗೊತ್ತಾಗುತ್ತದೆ.

ಎಮರಾಲ್ಡ್‌ನಲ್ಲಿ ನಾವು ಮೂರು ಸಲ ಬಾಡಿಗೆ ಮನೆ ಬದಲಿಸಿದೆವು. ನೆಲದಲ್ಲಿ ನೆಟ್ಟದ್ದು ಅಲ್ಲಲ್ಲೇ ಉಳಿಯಿತು, ಡಬ್ಬದಲ್ಲಿದ್ದದ್ದು ಜೊತೆಗೆ ಬಂತು. ಸ್ವಂತ ನೆಲ ಇಲ್ಲದವರಿಗೆ ತೋಟ ಎಂದರೆ ಹೊತ್ತುಕೊಂಡು ಹೋಗುವಂಥದ್ದೇ ಆಗಬೇಕು.

1991ರಲ್ಲಿ ಊರಿನಲ್ಲಿ ಅಕ್ಕನ ಮದುವೆ. ಡಬ್ಬದ ಮೈಲಾಂಜಿ ಆಗಲೂ ಇತ್ತು, ಆದರೆ ಬಿಸಿಲು ಸಾಲದೆ ಸಪೂರ. ಉಮ್ಮ ಇದ್ದ ಎಲೆಗಳನ್ನೆಲ್ಲ ಕೊಯ್ದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಅರೆದಾಗ ಒಂದು ಚಮಚದಷ್ಟಾಯಿತು. ಎರಡೂ ಕೈಗೆ ಊರಿನ ಗಿಡದ್ದೇ ಬೇಕಾಯಿತು. ಎಮರಾಲ್ಡ್‌ನದು ಅಕ್ಕನ ಬಲಗೈಯ ಕಿರುಬೆರಳಿನ ತುದಿಗೆ ಮಾತ್ರ. ಅದು ಉಳಿದ ಬೆರಳುಗಳಷ್ಟು ಕೆಂಪಾಗಲಿಲ್ಲ. ಅಕ್ಕ ಮಾತ್ರ ಬಂದವರಿಗೆಲ್ಲ ಆ ಬೆರಳನ್ನೇ ತೋರಿಸುತ್ತಿದ್ದಳು.

ಕಥೆ ಕೇಳಿದ ಅಕ್ಕನ ಮಗಳು ಭರಣಿಯನ್ನು ಮೂಲೆಯಿಂದ ಎತ್ತಿ ಕಿಟಕಿಯ ಹತ್ತಿರ ಇಟ್ಟಳು. "ನೇರ ಬಿಸಿಲು ಬೇಡ" ಎಂದೆ, "ಇದು ಮಂಗಳೂರು. ಗಾಜಿನೊಳಗೆ ಬೆಂದುಹೋಗುತ್ತದೆ." ಪರದೆ ಎಳೆದಳು.